ವಿದ್ವತ್ಪತ್ರಿಕೆಗೆ ಕಾಯದ ವಿಜ್ಞಾನ

2002ರ ಆಗಸ್ಟ್ 4, ಭಾನುವಾರ. ಕಾನ್ಪುರದ ಐಐಟಿಯ ಪ್ರಾಧ್ಯಾಪಕ ಮಣೀಂದ್ರ ಅಗರವಾಲ್ ಹಾಗೂ ಅವರ ಇಬ್ಬರು ಶಿಷ್ಯರಾದ ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಒಂಬತ್ತು ಪುಟಗಳ ಪ್ರಬಂಧವೊಂದನ್ನು ಹದಿನೈದು ಮಂದಿ ತಜ್ಞರಿಗೆ ಇ-ಮೇಲ್ ಮೂಲಕ ಕಳುಹಿಸಿದರು. ದೊಡ್ಡ ಸಂಖ್ಯೆಯೊಂದು ಅವಿಭಾಜ್ಯವೇ ಅಲ್ಲವೇ ಎಂಬುದನ್ನು ಖಚಿತವಾಗಿಯೂ ಬೇಗನೆಯೂ ಪರೀಕ್ಷಿಸುವ ವಿಧಾನ ಅದರಲ್ಲಿತ್ತು. ದಶಕಗಳಿಂದ ಪಂಡಿತರನ್ನು ಕಾಡಿದ್ದ ಸಮಸ್ಯೆ ಅದು. ಮರುದಿನವೇ ಅಮೆರಿಕದ ಗಣಿತಜ್ಞ ಕಾರ್ಲ್ ಪೊಮೆರಾನ್ಸ್ ಅದನ್ನು ಪರಿಶೀಲಿಸಿ ಸರಿಯಿದೆ ಎಂದು ಕಂಡುಕೊಂಡರು. ಅಂದು ಮಧ್ಯಾಹ್ನವೇ ತಮ್ಮ ಸಹೋದ್ಯೋಗಿಗಳಿಗಾಗಿ ಅದರ ಬಗ್ಗೆ ಉಪನ್ಯಾಸ ಏರ್ಪಡಿಸಿದರು. ಗುರುವಾರದ ಹೊತ್ತಿಗೆ ಸುದ್ದಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿತ್ತು.

ಇದೇ ಪ್ರಬಂಧ ‘ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್’ ಎಂಬ ಪ್ರತಿಷ್ಠಿತ ವಿದ್ವತ್ಪತ್ರಿಕೆಯಲ್ಲಿ ವಿಧಿವತ್ತಾಗಿ ಅಚ್ಚಾದದ್ದು 2004ರಲ್ಲಿ. ಅಷ್ಟರಲ್ಲಿ ಜಗತ್ತಿನ ಗಣಕ ವಿಜ್ಞಾನಿಗಳೆಲ್ಲ ಅದನ್ನು ಓದಿ, ಪಾಠ ಹೇಳಿ, ಮುಂದಿನ ಹೆಜ್ಜೆ ಇಡಲು ಹೊರಟಿದ್ದರು.

ಹಾಗಾದರೆ ಆ ಸಂಶೋಧನೆ ನಿಜವಾಗಿ ‘ಪ್ರಕಟ’ವಾದದ್ದು ಯಾವಾಗ? 2002ರ ಆ ಭಾನುವಾರವೋ, 2004ರಲ್ಲೋ? ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ಆದರೆ ಒಬ್ಬ ಸಂಶೋಧಕನಿಗೆ ನೌಕರಿ ಸಿಗುವುದು, ಬಡ್ತಿ ಸಿಗುವುದು, ಹೊಸ ವಿಚಾರ ಮೊದಲು ಹೊಳೆದದ್ದು ಯಾರಿಗೆ ಎಂದು ತೀರ್ಮಾನವಾಗುವುದು ಇದರ ಉತ್ತರದಿಂದಲೇ. ಬೇರೆ ವಿಜ್ಞಾನಗಳಲ್ಲಿ ಇದಕ್ಕೆ ಬಹುಮಟ್ಟಿಗೆ ಒಂದೇ ಉತ್ತರ: ವಿದ್ವತ್ಪತ್ರಿಕೆಯಲ್ಲಿ ಬಂದ ದಿನ. ಗಣಕ ವಿಜ್ಞಾನ ಮಾತ್ರ ಬೇರೆಯೇ ದಾರಿ ಹಿಡಿಯಿತು.

ಹಳೆಯ ದಾರಿ

ವಿದ್ವತ್ಪತ್ರಿಕೆಗಳ ಚರಿತ್ರೆ 1665ರಷ್ಟು ಹಿಂದಿನದು. ಆ ವರ್ಷದ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ‘ಜರ್ನಲ್ ದೆ ಸಾವಾಂ’, ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ‘ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್’ ಹೊರಬಂದವು. ಎರಡನೆಯದನ್ನು ಶುರುಮಾಡಿದವನು ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್. ಅಲ್ಲಿಯವರೆಗೆ ವಿದ್ವಾಂಸರು ಒಬ್ಬರಿಗೊಬ್ಬರು ಪತ್ರ ಬರೆದು ತಮ್ಮ ಶೋಧಗಳನ್ನು ತಿಳಿಸುತ್ತಿದ್ದರು. ಅಚ್ಚಾದ ಪತ್ರಿಕೆ ಬಂದ ಮೇಲೆ ಯಾರು ಮೊದಲು ಕಂಡುಹಿಡಿದರು ಎಂಬುದಕ್ಕೆ ದಿನಾಂಕದ ಸಾಕ್ಷಿ ದೊರೆಯಿತು.

ಕಾಲಕ್ರಮದಲ್ಲಿ ಇದಕ್ಕೆ ಪರಿಶೀಲನೆಯ ಪದ್ಧತಿಯೂ ಸೇರಿಕೊಂಡಿತು. ಲೇಖಕರು ಪ್ರಬಂಧ ಕಳುಹಿಸುತ್ತಾರೆ. ಸಂಪಾದಕರು ಅದನ್ನು ಅದೇ ಕ್ಷೇತ್ರದ ಇಬ್ಬರು ಮೂವರಿಗೆ ತೋರಿಸುತ್ತಾರೆ. ಅವರು ತಪ್ಪು ಹುಡುಕುತ್ತಾರೆ, ತಿದ್ದಲು ಹೇಳುತ್ತಾರೆ. ತಿದ್ದಿದ್ದು ಮತ್ತೆ ಬರುತ್ತದೆ. ಈ ಓಡಾಟದಲ್ಲಿ ಒಂದು ವರ್ಷ ಕಳೆಯುವುದು ಸಾಮಾನ್ಯ. ಎರಡು ಮೂರು ವರ್ಷ ಹಿಡಿದದ್ದೂ ಉಂಟು.

ಗಣಕ ವಿಜ್ಞಾನಕ್ಕೂ ಇಂಥ ಪತ್ರಿಕೆಗಳು ಇಲ್ಲದಿರಲಿಲ್ಲ. ಅಮೆರಿಕದಲ್ಲಿ 1947ರಲ್ಲಿ ಹುಟ್ಟಿದ ಎಸಿಎಂ ಎಂಬ ಗಣಕ ವಿಜ್ಞಾನಿಗಳ ಸಂಘ 1954ರಲ್ಲಿ ತನ್ನ ವಿದ್ವತ್ಪತ್ರಿಕೆಯನ್ನೂ, 1958ರಲ್ಲಿ ‘ಕಮ್ಯುನಿಕೇಷನ್ಸ್’ ಎಂಬ ಇನ್ನೊಂದು ಪತ್ರಿಕೆಯನ್ನೂ ಆರಂಭಿಸಿತು. ಇಂದಿನ ಬ್ಯಾಂಕು, ರೈಲ್ವೆ, ಸರ್ಕಾರಿ ಕಚೇರಿಗಳ ದತ್ತಾಂಶವೆಲ್ಲ ಕೋಷ್ಟಕಗಳ ರೂಪದಲ್ಲಿ ಕೂರಲು ಕಾರಣವಾದ ಎಡ್ಗರ್ ಕಾಡ್ ಅವರ ಪ್ರಬಂಧ ಪ್ರಕಟವಾದದ್ದು ‘ಕಮ್ಯುನಿಕೇಷನ್ಸ್’ನಲ್ಲೇ, 1970ರಲ್ಲಿ. ಆದರೆ ಅಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಸಂಪ್ರದಾಯ ಬೇರು ಬಿಡತೊಡಗಿತ್ತು.

ಸಮ್ಮೇಳನದ ಪಟ್ಟ

ಗಣಕ ಯಂತ್ರಗಳು ಎಷ್ಟು ವೇಗವಾಗಿ ಬದಲಾಗುತ್ತಿದ್ದವೆಂದರೆ, ಎರಡು ವರ್ಷ ಕಾದು ಅಚ್ಚಾದ ಲೇಖನ ಓದುಗರ ಕೈ ಸೇರುವ ಹೊತ್ತಿಗೆ ಆ ಯಂತ್ರವೇ ಹಳತಾಗಿರುತ್ತಿತ್ತು. ಹೀಗಾಗಿ ಸಂಶೋಧಕರು ವರ್ಷಕ್ಕೊಮ್ಮೆ ಒಂದು ಊರಿನಲ್ಲಿ ಸೇರಿ, ತಮ್ಮ ಕೆಲಸವನ್ನು ವಿವರಿಸಿ, ಆ ಪ್ರಬಂಧಗಳನ್ನೆಲ್ಲ ಸಂಪುಟವಾಗಿ ಅಚ್ಚು ಹಾಕಿಸುವುದು ರೂಢಿಯಾಯಿತು. ಆಪರೇಟಿಂಗ್ ಸಿಸ್ಟಂ ಕುರಿತ ಸಮ್ಮೇಳನ 1967ರಲ್ಲಿ, ಗಣನೆಯ ಸಿದ್ಧಾಂತ ಕುರಿತ ‘ಸ್ಟಾಕ್’ ಎಂಬ ಸಮ್ಮೇಳನ 1969ರಲ್ಲಿ ಶುರುವಾದವು.

ಇವು ನಾವು ಸಾಧಾರಣವಾಗಿ ಕಾಣುವ ವಿಚಾರ ಸಂಕಿರಣಗಳಂತೆ ಬಂದವರಿಗೆಲ್ಲ ಮಾತನಾಡಲು ಅವಕಾಶ ಕೊಡುವ ಕೂಟಗಳಲ್ಲ. ಪ್ರಬಂಧ ಕಳುಹಿಸಲು ಕಡೆಯ ದಿನಾಂಕವೊಂದಿರುತ್ತದೆ. ಒಂದು ಸಮಿತಿ ಬಂದದ್ದನ್ನೆಲ್ಲ ಕೆಲವೇ ವಾರಗಳಲ್ಲಿ ಓದಿ ತೀರ್ಪು ಕೊಡುತ್ತದೆ. ಪ್ರತಿಷ್ಠಿತ ಸಮ್ಮೇಳನಗಳಲ್ಲಿ ನಾಲ್ಕರಲ್ಲಿ ಒಂದಕ್ಕೋ ಐದರಲ್ಲಿ ಒಂದಕ್ಕೋ ಮಾತ್ರ ಪ್ರವೇಶ. ಪುಟಗಳಿಗೆ ಮಿತಿ ಉಂಟು. ತಿದ್ದಿ ಮತ್ತೆ ಕಳುಹಿಸುತ್ತೇನೆ ಎಂಬ ಮಾತಿಗೆ ಹೆಚ್ಚಿನ ಎಡೆಯಿಲ್ಲ. ಉತ್ತರ ‘ಹೌದು’ ಅಥವಾ ‘ಇಲ್ಲ’. ಒಂದು ರೀತಿಯಲ್ಲಿ ಇದು ದಿನಪತ್ರಿಕೆಯ ಕಚೇರಿಯ ಲೆಕ್ಕಾಚಾರ: ರಾತ್ರಿ ಪುಟ ಮುಗಿಯುವ ಮುನ್ನ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ.

1971ರಲ್ಲಿ ಅಮೆರಿಕದ ಓಹಿಯೋ ರಾಜ್ಯದಲ್ಲಿ ನಡೆದ ‘ಸ್ಟಾಕ್’ ಸಮ್ಮೇಳನದಲ್ಲಿ ಸ್ಟೀಫನ್ ಕುಕ್ ಎಂಟು ಪುಟಗಳ ಪ್ರಬಂಧ ಮಂಡಿಸಿದರು. ಉತ್ತರ ಸರಿಯೇ ಎಂದು ಸುಲಭವಾಗಿ ತಾಳೆ ನೋಡಬಹುದಾದ ಸಮಸ್ಯೆಗಳಿಗೆಲ್ಲ ಉತ್ತರ ಹುಡುಕುವುದೂ ಸುಲಭವೇ ಎಂಬ ಪ್ರಶ್ನೆಗೆ ಅದು ಖಚಿತ ರೂಪ ಕೊಟ್ಟಿತು. ಇಂದಿಗೂ ಬಗೆಹರಿಯದ ಈ ಪ್ರಶ್ನೆ ಗಣಕ ವಿಜ್ಞಾನದ ಅತಿ ದೊಡ್ಡ ಒಗಟು. ಕುಕ್ ಅವರಿಗೆ 1982ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಆ ಶೋಧವನ್ನು ಉಲ್ಲೇಖಿಸುವವರು ಈಗಲೂ ಹೆಸರಿಸುವುದು ಆ ಸಮ್ಮೇಳನದ ಸಂಪುಟವನ್ನೇ. ಯುನಿಕ್ಸ್ ವ್ಯವಸ್ಥೆಯನ್ನು ಡೆನ್ನಿಸ್ ರಿಚ್ಚಿ ಮತ್ತು ಕೆನ್ ಥಾಂಪ್ಸನ್ ವಿದ್ವಜ್ಜನರ ಮುಂದಿಟ್ಟದ್ದೂ 1973ರ ಸಮ್ಮೇಳನವೊಂದರಲ್ಲಿ. ಪತ್ರಿಕೆಯಲ್ಲಿ ಬಂದದ್ದು ಮರುವರ್ಷ.

ಜೆರಾಕ್ಸ್ ಪ್ರತಿಗಳು, ಟಿಪ್ಪಣಿಗಳು

ಸಮ್ಮೇಳನಕ್ಕೂ ಕಾಯದವರಿದ್ದರು. ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ತಮ್ಮ ವಿಚಾರಗಳನ್ನು ಬರೆದು, ಕ್ರಮಸಂಖ್ಯೆ ಹಾಕಿ, ನಕಲು ಮಾಡಿಸಿ ಗೆಳೆಯರಿಗೆ ಟಪಾಲಿನಲ್ಲಿ ಕಳುಹಿಸುತ್ತಿದ್ದರು. ಪಡೆದವರು ಮತ್ತಷ್ಟು ಜೆರಾಕ್ಸ್ ಮಾಡಿ ಹಂಚುತ್ತಿದ್ದರು. ಬಹುಪಾಲು ಕೈಬರಹದ ಈ ಟಿಪ್ಪಣಿಗಳ ಸಂಖ್ಯೆ 2002ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ 1300 ದಾಟಿತ್ತು.

ಇನ್ನೊಂದು ಸ್ವಾರಸ್ಯದ ಕಥೆ ಇಂಟರ್‌ನೆಟ್ಟಿನ ಹುಟ್ಟಿಗೆ ಸೇರಿದ್ದು. 1969ರಲ್ಲಿ ವಿಶ್ವವಿದ್ಯಾಲಯಗಳ ಗಣಕಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸ ಕೆಲವು ವಿದ್ಯಾರ್ಥಿಗಳ ಪಾಲಿಗೆ ಬಂತು. ಅವರಲ್ಲೊಬ್ಬರಾದ ಸ್ಟೀವ್ ಕ್ರಾಕರ್ ತಮ್ಮ ಚರ್ಚೆಯ ಟಿಪ್ಪಣಿಯನ್ನು, ಮನೆಯಲ್ಲಿ ಮಲಗಿದ್ದವರ ನಿದ್ದೆ ಕೆಡದಿರಲೆಂದು, ರಾತ್ರಿ ಸ್ನಾನದ ಕೋಣೆಯಲ್ಲಿ ಕುಳಿತು ಬರೆದರಂತೆ. ದೊಡ್ಡವರು ಇದನ್ನು ಉದ್ಧಟತನ ಎಂದುಕೊಂಡಾರು ಎಂಬ ಅಳುಕಿನಿಂದ ಅದಕ್ಕೆ ‘ಅಭಿಪ್ರಾಯ ತಿಳಿಸಲು ಕೋರಿಕೆ’ ಎಂಬ ವಿನಯದ ಹೆಸರಿಟ್ಟರು. ಏಪ್ರಿಲ್ 7ರ ಆ ಟಿಪ್ಪಣಿಯಿಂದ ಮೊದಲಾದ ಸರಣಿ ಇಂದು ಒಂಬತ್ತು ಸಾವಿರವನ್ನು ಮೀರಿದೆ. ಇಂಟರ್‌ನೆಟ್ಟಿನ ನಿಯಮಗಳೆಲ್ಲ ದಾಖಲಾಗಿರುವುದು ಆ ಸರಣಿಯಲ್ಲಿಯೇ ಹೊರತು ಯಾವ ವಿದ್ವತ್ಪತ್ರಿಕೆಯಲ್ಲೂ ಅಲ್ಲ.

ಅಚ್ಚಿನ ಕೆಲಸವನ್ನೂ ಗಣಕ ವಿಜ್ಞಾನಿಗಳು ತಾವೇ ಕೈಗೆತ್ತಿಕೊಂಡರು. 1977ರಲ್ಲಿ ಡೊನಾಲ್ಡ್ ಕನೂತ್ ತಮ್ಮ ಮಹಾಗ್ರಂಥದ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ನೋಡಿದರು. ಹಳೆಯ ಆವೃತ್ತಿಯನ್ನು ಸೀಸದ ಅಚ್ಚುಮೊಳೆಗಳಿಂದ ಜೋಡಿಸಿದ್ದರು. ಹೊಸದಕ್ಕೆ ಛಾಯಾಕ್ಷರ ಯಂತ್ರ ಬಳಸಿದ್ದರಿಂದ ಗಣಿತದ ಸಾಲುಗಳು ಅಂದಗೆಟ್ಟಿದ್ದವು. ಬೇಸತ್ತ ಕನೂತ್ ಅಕ್ಷರ ಜೋಡಣೆಗೆಂದೇ ‘ಟೆಕ್’ ಎಂಬ ತಂತ್ರಾಂಶ ಬರೆಯಲು ಕುಳಿತರು. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ‘ಲೇಟೆಕ್’ ಕಟ್ಟಿದರು. ಇದರಿಂದ ಆದ ಪರಿಣಾಮ ದೊಡ್ಡದು. ಪ್ರಕಾಶಕರು ಮಾಡುತ್ತಿದ್ದ ಮುಖ್ಯ ಕೆಲಸವೊಂದನ್ನು ಲೇಖಕರೇ ತಮ್ಮ ಮೇಜಿನ ಮೇಲೆ ಮಾಡಬಲ್ಲವರಾದರು. ಹಾಗಿದ್ದ ಮೇಲೆ ಪ್ರಕಾಶಕರಿಗೆ ಅಷ್ಟು ಹಣವೇಕೆ ಎಂಬ ಪ್ರಶ್ನೆ ಹುಟ್ಟುವುದು ಸಹಜವೇ.

ಲೆಕ್ಕಕ್ಕೆ ಬರುವುದು ಯಾವುದು?

ಸಮ್ಮೇಳನದ ಪದ್ಧತಿ ಗಣಕ ವಿಜ್ಞಾನಿಗಳಿಗೆ ಒಗ್ಗಿತು. ಆದರೆ ವಿಶ್ವವಿದ್ಯಾಲಯಗಳಲ್ಲಿ ಬಡ್ತಿಯ ಕಡತ ನೋಡುವವರು ಗಣಕ ವಿಜ್ಞಾನಿಗಳಷ್ಟೇ ಅಲ್ಲವಲ್ಲ. ಅಲ್ಲಿ ರಸಾಯನ ವಿಜ್ಞಾನದವರು, ಜೀವವಿಜ್ಞಾನದವರು ಇರುತ್ತಾರೆ. ಅವರ ಪಾಲಿಗೆ ಸಮ್ಮೇಳನವೆಂದರೆ ಹೋಗಿ ಹದಿನೈದು ನಿಮಿಷ ಮಾತನಾಡಿ ಬರುವ ಜಾಗ. ‘ಇವರ ವಿದ್ವತ್ಪತ್ರಿಕೆಯ ಲೇಖನಗಳೆಲ್ಲಿ?’ ಎಂದು ಅವರು ಕೇಳಿದರೆ ತಪ್ಪೆನ್ನುವಂತಿಲ್ಲ.

ಈ ತೊಡಕನ್ನು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1994ರ ವರದಿಯೊಂದರಲ್ಲಿ ಚರ್ಚಿಸಿತು. 1999ರಲ್ಲಿ ಡೇವಿಡ್ ಪ್ಯಾಟರ್‌ಸನ್, ಲಾರೆನ್ಸ್ ಸ್ನೈಡರ್, ಜೆಫ್ರಿ ಉಲ್ಮನ್ ಎಂಬ ಮೂವರು ಹೆಸರಾಂತರು ಗಣಕ ಸಂಶೋಧನಾ ಸಂಘದ ಪರವಾಗಿ ಒಂದು ಟಿಪ್ಪಣಿ ಬರೆದರು. ನಮ್ಮಲ್ಲಿ, ಅದರಲ್ಲೂ ಯಂತ್ರ ಮತ್ತು ತಂತ್ರಾಂಶ ಕಟ್ಟುವವರಲ್ಲಿ, ಒಳ್ಳೆಯ ಸಮ್ಮೇಳನದ ಪ್ರಬಂಧವೇ ಮೇಲು. ಎಣಿಕೆಗಿಂತ ಆ ಕೆಲಸ ಬೀರಿದ ಪ್ರಭಾವ ನೋಡಿ ಎಂಬುದು ಅದರ ಸಾರ. ಅನೇಕ ವಿಶ್ವವಿದ್ಯಾಲಯಗಳಲ್ಲಿ ಬಡ್ತಿಯ ಅರ್ಜಿಯ ಜೊತೆಗೆ ಅದು ಆಧಾರ ಪತ್ರದಂತೆ ಬಳಕೆಯಾಯಿತು.

ನಮ್ಮ ದೇಶದಲ್ಲಿ ಈ ಜಗಳ ಇನ್ನೂ ಮುಗಿದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯಲ್ಲಿ ಅಧ್ಯಾಪಕರ ಸಂಶೋಧನೆಗೆ ಅಂಕ ಹಾಕುವಾಗ ಮುಖ್ಯ ಸ್ಥಾನ ಪಡೆದದ್ದು ವಿದ್ವತ್ಪತ್ರಿಕೆಯ ಲೇಖನಗಳೇ. ಎಲ್ಲ ವಿಷಯಗಳಿಗೂ ಒಂದೇ ಅಳತೆಗೋಲು ಹಿಡಿದರೆ, ಕಷ್ಟಪಟ್ಟು ದೊಡ್ಡ ಸಮ್ಮೇಳನದಲ್ಲಿ ಜಾಗ ಗಿಟ್ಟಿಸಿದ ಯುವ ಅಧ್ಯಾಪಕನಿಗಿಂತ ಯಾರೂ ಓದದ ಪತ್ರಿಕೆಗಳಲ್ಲಿ ನಾಲ್ಕು ಲೇಖನ ಅಚ್ಚು ಹಾಕಿಸಿದವನು ಮುಂದೆ ಹೋಗುತ್ತಾನೆ.

ಸಮಿತಿಯೂ ತಪ್ಪುತ್ತದೆ

ಹಾಗೆಂದು ಸಮ್ಮೇಳನದ ತೀರ್ಪು ದೇವರ ತೀರ್ಪೇನಲ್ಲ. ಒಂದು ರಹಸ್ಯವನ್ನು ಬಿಟ್ಟುಕೊಡದೆಯೇ ಅದು ತನಗೆ ಗೊತ್ತಿದೆ ಎಂದು ಸಾಧಿಸಿ ತೋರಿಸುವುದು ಹೇಗೆಂದು ಶಾಫಿ ಗೋಲ್ಡ್‌ವಾಸರ್, ಸಿಲ್ವಿಯೊ ಮಿಕಾಲಿ ಮತ್ತು ಚಾರ್ಲ್ಸ್ ರಾಕಾಫ್ ವಿವರಿಸಿದ ಪ್ರಬಂಧ 1985ರಲ್ಲಿ ‘ಸ್ಟಾಕ್’ಗೆ ಆಯ್ಕೆಯಾಗುವ ಮುನ್ನ ಹಲವು ಬಾರಿ ತಿರಸ್ಕೃತವಾಗಿತ್ತು. ಟಿಮ್ ಬರ್ನರ್ಸ್-ಲೀ 1991ರಲ್ಲಿ ತಮ್ಮ ಹೊಸ ವ್ಯವಸ್ಥೆಯ ಬಗ್ಗೆ ಟೆಕ್ಸಸ್‌ನ ಸಮ್ಮೇಳನವೊಂದಕ್ಕೆ ಪ್ರಬಂಧ ಕಳುಹಿಸಿದಾಗ ಅದನ್ನು ಒಪ್ಪಲಿಲ್ಲ. ಬೇಕಿದ್ದರೆ ಪ್ರಾತ್ಯಕ್ಷಿಕೆ ತೋರಿಸಿ ಎಂದರು. ಆ ವ್ಯವಸ್ಥೆಯೇ ವರ್ಲ್ಡ್ ವೈಡ್ ವೆಬ್!

ವಿದ್ವತ್ಪತ್ರಿಕೆಗಳೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಕೆಲವು ಗಣಕಗಳು ಕೆಟ್ಟರೂ ಉಳಿದವು ಒಮ್ಮತಕ್ಕೆ ಬರುವ ಉಪಾಯವನ್ನು ಲ್ಯಾಂಪೋರ್ಟ್ ಪ್ರಾಚೀನ ಗ್ರೀಕ್ ದ್ವೀಪವೊಂದರ ಸಂಸತ್ತಿನ ಕಟ್ಟುಕಥೆಯಾಗಿ ಬರೆದು 1990ರಲ್ಲಿ ಕಳುಹಿಸಿದರು. ಪರಿಶೀಲಕರು ಕಥೆಯನ್ನು ತೆಗೆಯಿರಿ ಎಂದರು. ಲ್ಯಾಂಪೋರ್ಟ್ ಒಪ್ಪದೆ ಅದನ್ನು ಪಕ್ಕಕ್ಕಿಟ್ಟರು. ಅದು ಅಚ್ಚಾದದ್ದು 1998ರಲ್ಲಿ. ಇಂದು ದೊಡ್ಡ ದತ್ತಾಂಶ ಕೇಂದ್ರಗಳ ಬೆನ್ನೆಲುಬಾಗಿರುವ ವಿಧಾನಗಳಲ್ಲಿ ಅದೂ ಒಂದು.

ಇವೆಲ್ಲ ಬಿಡಿ ಪ್ರಸಂಗಗಳು ಎನ್ನಬಹುದು. ಹಾಗಾಗಿಯೇ 2014ರಲ್ಲಿ ‘ನಿಪ್ಸ್’ ಎಂಬ ಯಂತ್ರಕಲಿಕೆಯ ಸಮ್ಮೇಳನದ ಮುಖ್ಯಸ್ಥರಾದ ಕೊರಿನಾ ಕಾರ್ಟೆಸ್ ಮತ್ತು ನೀಲ್ ಲಾರೆನ್ಸ್ ಒಂದು ಪರೀಕ್ಷೆ ನಡೆಸಿದರು. ಬಂದ ಪ್ರಬಂಧಗಳಲ್ಲಿ ಶೇಕಡ ಹತ್ತರಷ್ಟನ್ನು, ಅಂದರೆ 166 ಪ್ರಬಂಧಗಳನ್ನು, ಒಬ್ಬರಿಗೊಬ್ಬರು ಸಂಬಂಧವಿಲ್ಲದಂತೆ ಎರಡು ಸಮಿತಿಗಳಿಗೆ ಕೊಟ್ಟರು. 43 ಪ್ರಬಂಧಗಳ ವಿಷಯದಲ್ಲಿ ತೀರ್ಪು ಬೇರೆ ಬೇರೆ ಬಂತು. ಒಂದು ಸಮಿತಿ ಆರಿಸಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇನ್ನೊಂದು ಸಮಿತಿ ಕೈಬಿಟ್ಟಿತ್ತು! ತೀರಾ ಕಳಪೆಯಾದದ್ದು ಯಾವುದೆಂದು ಎರಡೂ ಕಡೆಯವರು ಗುರುತಿಸಬಲ್ಲರು. ನಡುವಿನದರಲ್ಲಿ ಉತ್ತಮವಾದದ್ದು ಯಾವುದೆಂಬುದು ಬಹುಪಾಲು ಅದೃಷ್ಟದ ಮಾತು ಎಂದಾಯಿತು. ಒಂದು ತೀರ್ಪಿನ ಮೇಲೆ ಪಿಎಚ್.ಡಿ. ವಿದ್ಯಾರ್ಥಿಯೊಬ್ಬನ ನೌಕರಿ ನಿಂತಿರುವಾಗ ಇದು ಹಗುರವಾದ ವಿಷಯವೇನಲ್ಲ.

ಹಣಕ್ಕಾಗಿ ನಡೆಯುವ ಸಮ್ಮೇಳನಗಳ ಕಥೆ ಇನ್ನೂ ಕೆಳಗಿನದು. 2005ರಲ್ಲಿ ಎಂಐಟಿಯ ಮೂವರು ವಿದ್ಯಾರ್ಥಿಗಳು ಅರ್ಥವಿಲ್ಲದ ಪ್ರಬಂಧಗಳನ್ನು ತಾನೇ ಹೆಣೆಯುವ ತಂತ್ರಾಂಶ ಬರೆದರು. ಅದು ಹೆಣೆದ ಪ್ರಬಂಧವೊಂದನ್ನು ಒಂದು ಸಮ್ಮೇಳನ ಒಪ್ಪಿಕೊಂಡೂ ಬಿಟ್ಟಿತು. ತಮಾಷೆ ಅಲ್ಲಿಗೆ ನಿಲ್ಲಲಿಲ್ಲ. ಅದೇ ತಂತ್ರಾಂಶದಿಂದ ಹುಟ್ಟಿದ ಪ್ರಬಂಧಗಳು ದೊಡ್ಡ ಪ್ರಕಾಶಕರ ಸಂಪುಟಗಳಲ್ಲೇ ಸೇರಿರುವುದನ್ನು ಫ್ರಾನ್ಸಿನ ಸಿರಿಲ್ ಲಾಬೆ ಪತ್ತೆಹಚ್ಚಿದರು. 2014ರಲ್ಲಿ 120ಕ್ಕೂ ಹೆಚ್ಚು ಪ್ರಬಂಧಗಳನ್ನು ಹಿಂತೆಗೆಯಬೇಕಾಯಿತು.

ಓದುವುದಕ್ಕೆ ಬೆಲೆ

ಬರೆಯುವವರಿಗೆ ಸಂಭಾವನೆಯಿಲ್ಲ, ಪರಿಶೀಲಿಸುವವರಿಗೂ ಇಲ್ಲ. ಆದರೆ ಅಚ್ಚಾದ ಮೇಲೆ ಅವರ ಗ್ರಂಥಾಲಯಗಳೇ ದುಬಾರಿ ಚಂದಾ ತೆತ್ತು ಕೊಳ್ಳಬೇಕು. ಈ ವಿಪರ್ಯಾಸವನ್ನು ಮೊದಲು ಪ್ರತಿಭಟಿಸಿದವರಲ್ಲಿ ಗಣಕ ವಿಜ್ಞಾನಿಗಳು ಸೇರಿದ್ದಾರೆ. 2001ರಲ್ಲಿ ‘ಮಷೀನ್ ಲರ್ನಿಂಗ್’ ಪತ್ರಿಕೆಯ ಸಂಪಾದಕ ಮಂಡಳಿಯ ನಲವತ್ತು ಮಂದಿ ರಾಜೀನಾಮೆ ಕೊಟ್ಟು, ಎಲ್ಲರೂ ಉಚಿತವಾಗಿ ಓದಬಹುದಾದ ಇನ್ನೊಂದು ಪತ್ರಿಕೆಯ ಬೆಂಬಲಕ್ಕೆ ನಿಂತರು. 2003ರಲ್ಲಿ ಕನೂತ್ ‘ಜರ್ನಲ್ ಆಫ್ ಆಲ್ಗರಿದಮ್ಸ್’ನ ಸಂಪಾದಕ ಬಳಗಕ್ಕೆ ದೀರ್ಘ ಪತ್ರ ಬರೆದು ಅದರ ಬೆಲೆ ಹೇಗೆ ಏರಿದೆಯೆಂದು ಲೆಕ್ಕ ಒಪ್ಪಿಸಿದರು. ಮಂಡಳಿ ಸಾಮೂಹಿಕವಾಗಿ ಹೊರನಡೆಯಿತು. ಅದರ ಬದಲಿಗೆ ಎಸಿಎಂ ಆಶ್ರಯದ ಹೊಸ ಪತ್ರಿಕೆ 2005ರಲ್ಲಿ ಬಂತು.

ಈ ವಿಷಯದಲ್ಲಿ ಬೆಂಗಳೂರಿಗೂ ಒಂದು ಪಾತ್ರವಿದೆ. ಗಣಕ ವಿಜ್ಞಾನದ ಸಿದ್ಧಾಂತ ಕುರಿತ ಭಾರತದ ವಾರ್ಷಿಕ ಸಮ್ಮೇಳನದ ಆರಂಭದ ವರ್ಷಗಳ ನೆಲೆ ಬೆಂಗಳೂರೇ. 1984ರ ಡಿಸೆಂಬರ್‌ನಲ್ಲಿ ಇಲ್ಲಿ ನಡೆದ ನಾಲ್ಕನೆಯ ಸಮ್ಮೇಳನದ ಪ್ರಬಂಧಗಳನ್ನು ಜರ್ಮನಿಯ ಸ್ಪ್ರಿಂಗರ್ ಸಂಸ್ಥೆ ತನ್ನ ಹೆಸರಾಂತ ಮಾಲೆಯ 181ನೆಯ ಸಂಪುಟವಾಗಿ ಹೊರತಂದಿತು. 2008ರ ಡಿಸೆಂಬರ್‌ನಲ್ಲಿ ಸಮ್ಮೇಳನ ಮತ್ತೆ ಬೆಂಗಳೂರಿನಲ್ಲಿ ಸೇರಿದಾಗ ಅದರ ಪ್ರಬಂಧಗಳು ಜರ್ಮನಿಯ ಡಾಗ್‌ಸ್ಟೂಲ್ ಕೇಂದ್ರದ ಹೊಸ ಮಾಲೆಯಲ್ಲಿ ಬಂದವು. ಯಾರು ಬೇಕಾದರೂ ಹಣ ಕೊಡದೆ ಓದಬಹುದಾದ ಆ ಮಾಲೆಯಲ್ಲಿ ಅದು ಎರಡನೆಯ ಸಂಪುಟ. ಜಗತ್ತಿನ ಅನೇಕ ಸಮ್ಮೇಳನಗಳು ಆ ದಾರಿಗೆ ಬಂದದ್ದು ಆಮೇಲೆ.

ಎಸಿಎಂ ಕೂಡ ತನ್ನ ಸಂಗ್ರಹದ ಬಾಗಿಲನ್ನು 2026ರ ಜನವರಿಯಿಂದ ಓದುಗರಿಗೆ ತೆರೆದಿದೆ. ಓದುವವರ ಬದಲು ಪ್ರಕಟಿಸುವವರ ಸಂಸ್ಥೆ ಹಣ ತೆರುವ ಏರ್ಪಾಡು ಇದು. ಕೇಂದ್ರ ಸರ್ಕಾರವೂ 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ವೆಚ್ಚದಲ್ಲಿ ‘ಒಂದು ದೇಶ ಒಂದು ಚಂದಾ’ ಯೋಜನೆ ಆರಂಭಿಸಿದೆ. ಆದರೆ ಅದರ ಮೊದಲ ಹಂತ ಸರ್ಕಾರಿ ಸಂಸ್ಥೆಗಳಿಗೆ ಮೀಸಲು. ಕರ್ನಾಟಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಓದುವುದು ಖಾಸಗಿ ಕಾಲೇಜುಗಳಲ್ಲಿ ಎಂಬುದನ್ನು ನೆನೆದರೆ, ಎಲ್ಲರಿಗೂ ತೆರೆದ ಸಂಗ್ರಹಗಳ ಬೆಲೆ ಅರ್ಥವಾಗುತ್ತದೆ.

ಪ್ರವಾಹ

1991ರಲ್ಲಿ ಲಾಸ್ ಅಲಮೋಸ್‌ನ ಭೌತವಿಜ್ಞಾನಿ ಪಾಲ್ ಗಿನ್ಸ್‌ಪಾರ್ಗ್ ಅಚ್ಚಿಗೆ ಮುಂಚಿನ ಕರಡುಗಳನ್ನು ಸಂಗ್ರಹಿಸಿ ಹಂಚುವ ವ್ಯವಸ್ಥೆ ಮಾಡಿದರು. ‘ಆರ್ಕೈವ್’ ಎಂದು ಹೆಸರಾದ ಅದರಲ್ಲಿ 1998ರಲ್ಲಿ ಗಣಕ ವಿಜ್ಞಾನಕ್ಕೂ ವಿಭಾಗ ತೆರೆಯಿತು. ತಡವಾಗಿ ಬಂದ ಈ ವಿಭಾಗವೇ ಇಂದು ಅಲ್ಲಿ ಎಲ್ಲಕ್ಕಿಂತ ದೊಡ್ಡದು. ಇಂದಿನ ಕೃತಕ ಬುದ್ಧಿಮತ್ತೆಯ ಅಲೆಗೆ ತಳಹದಿಯಾದ ಎಂಟು ಲೇಖಕರ ಪ್ರಬಂಧ 2017ರ ಜೂನ್‌ನಲ್ಲೇ ಅಲ್ಲಿತ್ತು. ಸಮ್ಮೇಳನದಲ್ಲಿ ಮಂಡನೆಯಾದದ್ದು ಡಿಸೆಂಬರ್‌ನಲ್ಲಿ. ಒಂದು ಕಾಲಕ್ಕೆ ವೇಗಕ್ಕೆ ಹೆಸರಾಗಿದ್ದ ಸಮ್ಮೇಳನವೇ ಈಗ ನಿಧಾನವೆನಿಸತೊಡಗಿದೆ.

ಈ ವೇಗ ಸಾಕು ಎಂದವರೂ ಇದ್ದಾರೆ. 2009ರಲ್ಲೇ ಲ್ಯಾನ್ಸ್ ಫೋರ್ಟ್‌ನೋ, ಗಣಕ ವಿಜ್ಞಾನ ಇನ್ನಾದರೂ ಪ್ರೌಢವಾಗಲಿ, ಸಮ್ಮೇಳನಗಳು ಜನ ಕೂಡುವ ಜಾಗಗಳಾಗಲಿ, ತೀರ್ಮಾನದ ಕೆಲಸ ವಿದ್ವತ್ಪತ್ರಿಕೆಗಳಿಗೆ ಮರಳಲಿ ಎಂದು ವಾದಿಸಿದ್ದರು. ಅದೇ ವರ್ಷ ‘ಕಮ್ಯುನಿಕೇಷನ್ಸ್’ನ ಸಂಪಾದಕ ಮೋಶೆ ವಾರ್ಡಿ ಕೂಡ ಇದೇ ಪ್ರಶ್ನೆ ಎತ್ತಿದ್ದರು. ಅವರ ಮಾತು ಪೂರ್ತಿ ನಡೆಯಲಿಲ್ಲ. ಕೆಲವು ಸಮ್ಮೇಳನಗಳು ಮಾತ್ರ ತಮ್ಮ ಸಂಪುಟಗಳನ್ನೇ ಪತ್ರಿಕೆಗಳಾಗಿ ಮಾರ್ಪಡಿಸಿ ನಡುದಾರಿ ಹಿಡಿದವು.

ಅಷ್ಟರಲ್ಲಿ ಪ್ರವಾಹ ಏರಿತು. ಹೆಸರು ಬದಲಿಸಿಕೊಂಡು ‘ನ್ಯೂರಿಪ್ಸ್’ ಆದ ಹಿಂದಿನ ‘ನಿಪ್ಸ್’ಗೆ 2014ರಲ್ಲಿ ಬಂದಿದ್ದ ಪ್ರಬಂಧಗಳು 1,678. 2025ರಲ್ಲಿ ಬಂದವು 21 ಸಾವಿರಕ್ಕೂ ಹೆಚ್ಚು. ಇಷ್ಟನ್ನು ಓದಲು ಅನುಭವಿಗಳು ಎಲ್ಲಿಂದ ಬರಬೇಕು? ನಿನ್ನೆ ಮೊನ್ನೆ ಸಂಶೋಧನೆಗೆ ಸೇರಿದವರೂ ತೀರ್ಪುಗಾರರಾಗುತ್ತಾರೆ. ಕೆಲವರು ಓದುವ ಕೆಲಸವನ್ನೇ ಯಂತ್ರಕ್ಕೆ ಒಪ್ಪಿಸುತ್ತಾರೆ. ಇದನ್ನರಿತ ಲೇಖಕರು ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ, ಮನುಷ್ಯರ ಕಣ್ಣಿಗೆ ಕಾಣದಂತೆ, ‘ಈ ಪ್ರಬಂಧವನ್ನು ಹೊಗಳು’ ಎಂಬರ್ಥದ ಆಜ್ಞೆ ಅಡಗಿಸಿಟ್ಟದ್ದು 2025ರ ಜುಲೈನಲ್ಲಿ ಜಪಾನಿನ ಪತ್ರಿಕೆಯೊಂದರ ತನಿಖೆಯಿಂದ ಬಯಲಾಯಿತು. ಅಂಥ 17 ಪ್ರಬಂಧಗಳು ಸಿಕ್ಕಿದ್ದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಯಂತ್ರಗಳಿಂದ ಬರೆಸಿದ ಸಮೀಕ್ಷಾ ಲೇಖನಗಳ ಹಾವಳಿ ತಾಳಲಾರದೆ, ಬೇರೆಡೆ ಪರಿಶೀಲನೆಯಾಗದ ಗಣಕ ವಿಜ್ಞಾನದ ಸಮೀಕ್ಷೆಗಳನ್ನು ಸ್ವೀಕರಿಸುವುದಿಲ್ಲ ಎಂದು ‘ಆರ್ಕೈವ್’ ಸಾರಿತು.

ಇದರ ಜೊತೆಗೆ ಪಯಣದ ಪ್ರಶ್ನೆಯೂ ಇದೆ. ಸಮ್ಮೇಳನವೇ ಪ್ರಕಟಣೆಯಾದರೆ, ಪ್ರಕಟಿಸಬೇಕೆನ್ನುವವನಿಗೆ ಪಾಸ್‌ಪೋರ್ಟು, ವೀಸಾ, ವಿಮಾನದ ಖರ್ಚು ಬೇಕು. ಹಿಂದಿನ ವರ್ಷಗಳಲ್ಲಿ ಕೆನಡಾದ ‘ನ್ಯೂರಿಪ್ಸ್’ಗೆ ಹೊರಟಿದ್ದ ಅನೇಕ ಆಫ್ರಿಕನ್ ಸಂಶೋಧಕರಿಗೆ ವೀಸಾ ಸಿಗಲಿಲ್ಲ. 2020ರಲ್ಲಿ ಇನ್ನೊಂದು ದೊಡ್ಡ ಸಮ್ಮೇಳನ ಆಡಿಸ್ ಅಬಾಬಾದಲ್ಲಿ ನಡೆಯಬೇಕಿತ್ತು. ಕೋವಿಡ್‌ನಿಂದಾಗಿ ಪರದೆಯ ಮೇಲೆ ನಡೆಯಿತು. 2011ರಲ್ಲಿ ಹೈದರಾಬಾದಿಗೆ ವೆಬ್ ಸಮ್ಮೇಳನ, 2015ರಲ್ಲಿ ಮುಂಬಯಿಗೆ ಪ್ರೋಗ್ರಾಮಿಂಗ್ ಭಾಷೆಗಳ ಸಮ್ಮೇಳನ ಬಂದಾಗ ನಮ್ಮ ವಿದ್ಯಾರ್ಥಿಗಳಿಗೆ ಆದ ಅನುಕೂಲ ಇದೇ: ರೈಲು ಹತ್ತಿ ಹೋಗಿ ದೊಡ್ಡವರ ಎದುರು ಕುಳಿತು ಪ್ರಶ್ನೆ ಕೇಳಬಹುದಿತ್ತು.

ಕಾನ್ಪುರದ ಮೂವರ ಪ್ರಬಂಧ ಗೆದ್ದದ್ದು ಬೇಗ ತಲುಪಿದ್ದರಿಂದ ಮಾತ್ರವಲ್ಲ. ತಲುಪಿದ ಮರುದಿನ ಅದನ್ನು ಸಾಲು ಸಾಲಾಗಿ ಓದಿ ತಾಳೆ ನೋಡುವವರು ಸಿಕ್ಕಿದ್ದರಿಂದ. ಕಳುಹಿಸುವ ವೇಗವನ್ನು ಗಣಕಗಳು ನೂರ್ಮಡಿ ಮಾಡಿಕೊಟ್ಟಿವೆ. ಓದುವ ಮನುಷ್ಯನ ವೇಗ ಮಾತ್ರ ಓಲ್ಡನ್‌ಬರ್ಗ್‌ನ ಕಾಲದಲ್ಲಿ ಇದ್ದಷ್ಟೇ ಇದೆ. ಇಪ್ಪತ್ತು ಸಾವಿರ ಪ್ರಬಂಧಗಳ ನಡುವೆ ಮುಂದಿನ ಕಯಾಲ್, ಮುಂದಿನ ಸಕ್ಸೇನಾ ಕಳುಹಿಸಿದ ಒಂಬತ್ತು ಪುಟಗಳನ್ನು ಯಾರು, ಎಷ್ಟು ಹೊತ್ತು ಕುಳಿತು ಓದುತ್ತಾರೆ ಎಂಬುದನ್ನು ಗಣಕ ವಿಜ್ಞಾನಿಗಳು ಇನ್ನೂ ಬಗೆಹರಿಸಿಕೊಳ್ಳಬೇಕಾಗಿದೆ.